ಬಾಗಿಲು ಹಾಕಿಕೊಂಡರೆ ಎನ್‌ಸಿ ಆಗುತ್ತದೆಯೇ?

ಈ ವಾರ ಬರೆಯುತ್ತಿರುವುದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಪೊಲೀಸ್ ಸ್ಟೇಷನ್ನಿನಲ್ಲಿ ಕಾಕು ನನ್ನನ್ನು ಕಂಡ ಕೂಡಲೇ ಅತ್ತರೋ, ನೀರು ಕುಡಿದ ಮೇಲೆ ಅತ್ತರೋ, ಈಗ ಸರಿಯಾಗಿ ನೆನಪಿಲ್ಲ. (ಅವರನ್ನು ಕೇಳಿದರೆ ಅತ್ತೇ ಇಲ್ಲ ಅನ್ನುತ್ತಾರೆ.)

ಕಾಕು ಎಂದರೆ ತೀರಿಹೋದ ನನ್ನ ಚಿಕ್ಕಪ್ಪನ ಹೆಂಡತಿ. ಮದುವೆಯಾಗಿ ಧಾರವಾಡದಿಂದ ಮುಂಬೈಯ ಮಾಟುಂಗದ ಚಾಳಿಗೆ, ಅಂದರೆ ಸಾಲುಕೋಣೆಗಳ ಹಳೇ ವಠಾರಕ್ಕೆ, ಬಂದವರು, ಇಂದಿಗೂ ಅದೇ ಒಂದು ಕೋಣೆಯ ಖೋಲಿಯಲ್ಲಿದ್ದಾರೆ. ಒಬ್ಬರೇ. ಹೋದ ವಾರ ಆಫೀಸಿನಲ್ಲಿದ್ದಾಗ ಫೋನು ಬಂತು.

"ಪೊಲೀಸ್ ಸ್ಟೇಷನ್ನಾಗ ಕೂತೀನವಾ. ಕುಂದಾನ ಮ್ಯಾಲೆ ಕಂಪ್ಲೇಂಟ್ ಕೊಡಬೇಕು. ಬಾ."

ಕುಂದಾತಾಯಿ ಎದುರು ಖೋಲಿಯವರು. ಇಬ್ಬರೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಆ ಚಾಳಿಗೆ ಸೊಸೆಯರಾಗಿ ಬಂದವರು. ಕಾಕುವಿಗೆ ಮರಾಠಿ ಕಲಿಸಿದವರು ಅವರು. ಅವರಿಗೆ ಎಣ್ಣೆಗಾಯಿ ಕಲಿಸಿದವರು ಇವರು. ಅವರ ಮೇಲೆ ಕಂಪ್ಲೇಂಟೇ?

ಚಾಳಿನಲ್ಲಿ ಬೆಳೆಯದವರಿಗಾಗಿ ಹೇಳುತ್ತೇನೆ: ಅಲ್ಲಿ ಬೆಳಿಗ್ಗೆ ತೆರೆದ ಬಾಗಿಲನ್ನು ಮಲಗುವಾಗಲೇ ಹಾಕುವುದು. ಹಗಲು ಬಾಗಿಲು ಹಾಕಿದ್ದರೆ ಒಳಗೆ ಜಗಳ ನಡೆದಿದೆ, ಇಲ್ಲವೇ ಯಾರಿಗೋ ಹುಷಾರಿಲ್ಲ ಎಂದರ್ಥ. ಈ ಬೇಸಿಗೆಯಲ್ಲಿ ಕುಂದಾತಾಯಿಯ ಮಗ ಎಸಿ ಹಾಕಿಸಿದ. ಎಸಿ ಬಂದ ಮೇಲೆ ಬಾಗಿಲು ತೆರೆದಿಡುವವರು ಯಾರು?

ಕಾಕುವಿನ ಕಂಪ್ಲೇಂಟು ಅದೇ. ಬಾಗಿಲು.

ನಾನು ಹೋಗಿ ಪಕ್ಕದಲ್ಲಿ ಕೂತಾಗ ಎದುರಿಗಿದ್ದ ಮಹಿಳಾ ಕಾನ್‌ಸ್ಟೆಬಲ್ ಪೆನ್ನು ಕೆಳಗಿಟ್ಟಳು. "ಆಜಿ, ದರ್ವಾಜಾ ಬಂದ್ ಕರ್ನೇ ಸೇ ಎನ್‌ಸಿ ಭೀ ನಹೀ ಬನ್ತಾ." ಬಾಗಿಲು ಹಾಕಿಕೊಂಡದ್ದಕ್ಕೆ ಎನ್‌ಸಿ ಕೂಡ ಆಗುವುದಿಲ್ಲ, ಅಜ್ಜಿ.

ಎನ್‌ಸಿ ಗೊತ್ತಿಲ್ಲದ ಮುಂಬೈಕರ್ ಸಿಗುವುದು ಕಷ್ಟ. ನಾನ್ ಕಾಗ್ನಿಜಬಲ್. ಕನ್ನಡದ ಕಾನೂನು ಪುಸ್ತಕಗಳಲ್ಲಿ ಅಸಂಜ್ಞೇಯ ಅಪರಾಧ. ಪೊಲೀಸರು ತಾವಾಗಿಯೇ ಕೈಹಾಕುವಂತಿಲ್ಲದ ಸಣ್ಣ ಅಪರಾಧ ಎಂದಿಟ್ಟುಕೊಳ್ಳಿ. ಬೈಗುಳ, ಕಪಾಳಕ್ಕೊಂದು ಏಟು, ನಲ್ಲಿಯ ಮುಂದಿನ ತಳ್ಳಾಟ. ಬರೆದುಕೊಳ್ಳುತ್ತಾರೆ, ಒಂದು ಪ್ರತಿ ಕೊಡುತ್ತಾರೆ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಇಲ್ಲ, ವಾರಂಟ್ ಇಲ್ಲದೆ ಬಂಧನವಿಲ್ಲ. (ನಮ್ಮ ಸೊಸೈಟಿ ಮೀಟಿಂಗಿನಲ್ಲಿ ಒಬ್ಬರು "ಎನ್‌ಸಿ ಠೋಕ್ ದೂಂಗಾ", ಜಡಿದುಬಿಡುತ್ತೇನೆ, ಎಂದು ಗುಡುಗುವುದನ್ನು ಕೇಳಿದರೆ, ಜೀವಾವಧಿ ಶಿಕ್ಷೆಯೇ ಆಗಿಬಿಡುತ್ತದೆ ಅನ್ನಿಸಬೇಕು!)

ಅಂಥ ಎನ್‌ಸಿಗೂ ಕಾಕುವಿನ ದುಃಖ ಸಾಲದು.

ಕಾಕು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. "ಫಿರ್ ಕ್ಯಾ ಕರ್ನೇ ಸೇ ಬನ್ತಾ?" ಮತ್ತೇನು ಮಾಡಿದರೆ ಆಗುತ್ತದೆ?

"ಗಾಲೀ ದಿಯಾ? ಧಕ್ಕಾ ಮಾರಾ?" ಬೈದರೇ, ದೂಡಿದರೇ?

"ಹಾಂ. ಧಕ್ಕಾ ಮಾರಾ. ಜೋರ್ ಸೇ."

ಪೆನ್ನು ಮೇಲೆದ್ದಿತು.

ಫೋನಿನಲ್ಲಿ ದೂಡಿದ ಮಾತು ಬಂದಿತ್ತೇ? ಅಥವಾ ಕಾನ್‌ಸ್ಟೆಬಲ್ ಕೇಳಿದ ಮೇಲೇ ಹುಟ್ಟಿತೇ? ವಾರವಿಡೀ ಮುಲುಂಡ್ ಲೋಕಲ್ ಟ್ರೇನ್‌ನಲ್ಲಿ ನಿಂತು ಇದನ್ನೇ ಯೋಚಿಸಿದ್ದೇನೆ. ಒಮ್ಮೆ ಬಂದಿತ್ತು ಅನ್ನಿಸುತ್ತದೆ, ಒಮ್ಮೆ ಇಲ್ಲ. ನನಗೆ ಬೇಕಾದ ಹಾಗೆ ನೆನಪು ತಿರುಗುತ್ತಿದೆಯೋ ಏನೋ.

ಬರೆದದ್ದನ್ನು ಅವಳು ಓದಿ ಹೇಳಿದಳು. ಕಾಕು ತಲೆಯಾಡಿಸುತ್ತ ಕೇಳಿದರು. ಅಷ್ಟು ಗಮನವಿಟ್ಟು ಅವರ ಮಾತನ್ನು ಇತ್ತೀಚೆಗೆ ಯಾರು ಕೇಳಿಸಿಕೊಂಡಿದ್ದರು? ನಾನಂತೂ ಅಲ್ಲ.

"ಎಷ್ಟ ಛಂದ ಬರದಾಳ ನೋಡು" ಎಂದರು, ಹೊರಗೆ ಬಂದು. "ಇನ್ನರ ಕುಂದಾ ಬಾಗಲಾ ತಗೀತಾಳ."

ನನ್ನ ಮುಲುಂಡ್ ಫ್ಲ್ಯಾಟಿಗೆ ಒಂದರ ಮೇಲೊಂದು ಎರಡು ಬಾಗಿಲು. ಎದುರು ಮನೆಯವರ ಹೆಸರು ಗೊತ್ತಾಗಿದ್ದೇ, ಅವರ ಪಾರ್ಸೆಲ್ ತಪ್ಪಿ ನನ್ನ ಮನೆಗೆ ಬಂದಾಗ.

ಕುಂದಾತಾಯಿಯನ್ನು ಠಾಣೆಗೆ ಕರೆಸಿ, "ಮುದುಕಿಯ ತಂಟೆಗೆ ಹೋಗಬೇಡಿ" ಎಂದು ಹೇಳಿ ಕಳಿಸಿದರಂತೆ. ಅಷ್ಟೇ. ಆದರೆ ಆ ಸಂಜೆ ಅವರೇ ನನಗೆ ಫೋನು ಮಾಡಿದರು. "ತೂ ಸಾಂಗ್ ಬಾಳಾ, ಮೀ ತಿಲಾ ಧಕ್ಕಾ ದೇಈನ್ ಕಾ?" ನಾನು ಅವಳನ್ನು ದೂಡುತ್ತೇನೆಯೇ, ನೀನೇ ಹೇಳು. ಅಳುತ್ತಿದ್ದರು. ಎಸಿ ಮಗನದು, ಬಾಗಿಲು ತೆರೆದರೆ ಅವನೇ ಕೂಗಾಡುತ್ತಾನಂತೆ. ಈಗ ಎದುರು ಖೋಲಿಯವರೊಡನೆ ಮಾತೂ ಆಡಕೂಡದು ಎಂದಿದ್ದಾನೆ.

ದೂಡಿದ್ದು ನಿಜವಾದರೆ ನಾನು ಕಾಕುವಿನ ಪರ ನಿಲ್ಲಬೇಕು. ಅಲ್ಲವಾದರೆ ಅವರ ಕೈಹಿಡಿದು ಎದುರಿನ ಬಾಗಿಲು ತಟ್ಟಿಸಬೇಕು. ಯಾವುದನ್ನು ಮಾಡಲಿ?

ಭಾನುವಾರ ಹೋದೆ. ಕಾಕು ತಮ್ಮ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಎದುರಿನ ಮುಚ್ಚಿದ ಬಾಗಿಲಿಗೆ ಮುಖಮಾಡಿ ಕೂತು ಮೆಂತ್ಯಸೊಪ್ಪು ಸೋಸುತ್ತಿದ್ದರು. ಕೇಳಿದೆ. ಅವರ ಕೈ ನಿಲ್ಲಲಿಲ್ಲ. "ಚಾ ಮಾಡ್ಲೇನು?" ಎಂದರು. ಚಹಾ ಕುಡಿದು ಬಂದೆ. ಮತ್ತೆ ಎರಡು ಸಲ ಫೋನಿನಲ್ಲಿಯೂ ಅದನ್ನೇ ಕೇಳಿದ್ದೇನೆ, ಉತ್ತರ ಇನ್ನೂ ಬಂದಿಲ್ಲ:

"ಕಾಕು, ಅವರು ಖರೇನ ದೂಡಿದ್ರೋ, ಬಾಗಲಾ ಅಷ್ಟ ಹಾಕ್ಕೊಂಡ್ರೋ?"