ಅತ್ತೆ ಬೋರಲು ಮಲಗಿದ ಹಾಸಿಗೆ

ಕೆ.ಆರ್. ಪೇಟೆಯ ಹಾಸಿಗೆ ಅಂಗಡಿಯಲ್ಲಿ, ಅಷ್ಟು ಗಿರಾಕಿಗಳ ಎದುರಿಗೇ, ನನ್ನ ಅತ್ತೆ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು, ಫೋಮ್ ಹಾಸಿಗೆಗೆ ಮುಖ ಒತ್ತಿ ಬೋರಲು ಮಲಗಿಬಿಟ್ಟರು. ಟಿ.ವಿ. ಜಾಹೀರಾತು ನೋಡಿ ನನ್ನ ಮಗಳಿಗೆಂದು ನಾನೇ ಆರಿಸಿದ್ದ ಪುಟ್ಟ ಹಾಸಿಗೆ ಅದು. ಅತ್ತೆಯ ಸೊಂಟದಿಂದ ಕೆಳಗೆಲ್ಲ ನೆಲದ ಮೇಲಿತ್ತು. ನಾನು ನಾಚಿಕೆಯಿಂದ ಗೋಡೆ ನೋಡುತ್ತ ನಿಂತೆ.

ಎದ್ದವರೇ ಒಂದೇ ಸಮನೆ ಸೀನಿದರು. "ನಮ್ ಕೂಸು ಈಗ ಬೋರ್ಲು ಬೀಳ್ತದೆ. ಬಿದ್ರೆ ಅದ್ರ ಮೂಗು ಇಲ್ಲೇ ತಾನೆ ಇರೋದು? ಪೇಂಟಿನ ಡಬ್ಬ ಮೂಸ್ದಂಗೈತೆ."

"ಹೊಸ ವಾಸ್ನೆ ಕಣವ್ವ, ಎರ್ಡು ದಿನಕ್ಕೆ ವೋಯ್ತದೆ" ಎಂದರು ಅಂಗಡಿಯವರು.

"ಅಂಗಾರೆ ಎರ್ಡು ದಿನ ನೀನೇ ಅದ್ರ ಮೇಲೆ ಮನೀಕೊ ಕಣಪ್ಪ. ವಾಸ್ನೆ ವೋದ್ಮೇಲೆ ನಾವು ತಕ್ಕೊಂಡೋಯ್ತೀವಿ."

ಅಂಗಡಿಯವರು ನಕ್ಕು, ಒಳಗಿನಿಂದ ಬೂರುಗದ ಹತ್ತಿಯನ್ನು ಗಟ್ಟಿಯಾಗಿ ತುಂಬಿದ ಹಾಸಿಗೆ ತಂದು ಹಾಸಿದರು. ಅತ್ತೆ ಮತ್ತೆ ಬೋರಲು ಮಲಗಿದರು. ಈ ಸಲ ಸೀನಲಿಲ್ಲ, ಏಳಲೂ ಇಲ್ಲ. ಸಿಂಧಘಟ್ಟದಿಂದ ಬಸ್ಸಿನಲ್ಲಿ ನಿಂತೇ ಬಂದ ಆಯಾಸಕ್ಕೆ ಸಣ್ಣಗೆ ಗೊರಕೆ ಶುರುವಾಯಿತು. "ಇದನ್ನೇ ಕೊಡಿ" ಎಂದೆ. "ಎದ್ಮೇಲೆ ಕಟ್ಕೊಡ್ತೀನಿ ಬುಡಿ" ಎಂದು ಅಂಗಡಿಯವರು ಫ್ಯಾನನ್ನು ಆ ಕಡೆ ತಿರುಗಿಸಿದರು.

ಅಜ್ಜಿಯ ಬಾಯಲ್ಲಿ ಈ ಕತೆ ಕೇಳಿಯೇ ಬೆಳೆದ ಆ ಕೂಸಿಗೀಗ ನಾಲ್ಕು ವರ್ಷ. ಮೊನ್ನೆ ಹೊಸ ಚಪ್ಪಲಿ ತಂದುಕೊಟ್ಟರೆ, ಕಾಲಿಗೆ ಹಾಕುವ ಮೊದಲು ಮೂಗಿಗೆ ಹಿಡಿದು, ಮುಖ ಹಿಂಡಿ, ನನಗೇ ವಾಪಸ್ಸು ಕೊಟ್ಟಳು: "ಎರ್ಡು ದಿನ ನೀನೇ ಆಕ್ಕೊ ಅವ್ವ."