ಜೋಡಿ ಲೈನಿನ ಪೆಲಾಗಿಯಾ

ಪೆಲಾಗಿಯಾಗೆ ಅರವತ್ತನಾಲ್ಕು ವರ್ಷ. ಕಸುಬು ಹೊಲಿಗೆ. ಮದುವೆಯಾಗಿಲ್ಲ. ಯಾಕೆ ಎಂದು ಕೇಳಿದವರಿಗೆ, "ಮೋಲೋ ಹುಡುಗಿಯರ ಮದುವೆ ಗೌನೆಲ್ಲ ನಾನೇ ಹೊಲಿದೆ, ನನ್ನದು ಹೊಲ್ಕೊಳ್ಳೋಕೆ ಪುರುಸೊತ್ತು ಸಿಗಲಿಲ್ಲ" ಎನ್ನುತ್ತಿದ್ದಳು. ಎಷ್ಟು ಸಲ ಹೇಳಿದಳೆಂದರೆ ಈಗ ಕೇಳುವವರೂ ಉಳಿದಿಲ್ಲ. ಇಲೋಯ್ಲೋ ಪಟ್ಟಣದ ಮೋಲೋ ಪೇಟೆಯಲ್ಲಿ, ಇಗರ್ಜಿಯ ಹಿಂದಿನ ಓಣಿಯಲ್ಲಿ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಪಕ್ಕದ ಸ್ಟೂಲಿನ ಮೇಲೆ ಫೋನು.

ಫೋನು ಎಂದರೆ ಪೂರ್ತಿ ಫೋನಲ್ಲ, ಅರ್ಧ. ಅದು ಜೋಡಿ ಲೈನು. ಒಂದೇ ತಂತಿಗೆ ಎರಡು ಮನೆ. ಆ ಮನೆಯವರು ಮಾತಾಡುತ್ತಿದ್ದರೆ ಈ ಮನೆಯವರು ಕಾಯಬೇಕು. ರಿಸೀವರ್ ಎತ್ತಿದರೆ ಅವರ ಮಾತೆಲ್ಲ ಕಿವಿಗೆ ಬೀಳುತ್ತದೆ. ಆ ಇನ್ನೊಂದು ಮನೆ ಯಾವುದೆಂದು ಕಂಪನಿಯವರು ಹೇಳುವುದಿಲ್ಲ. ಹೇಳಿದರೆ ಜನ ಜಗಳಕ್ಕೆ ನೇರ ಬಾಗಿಲಿಗೇ ಹೋಗುತ್ತಾರೆ ಎಂಬ ಭಯ. ಯಾರಾದರೂ ಮಾತಾಡುತ್ತಿದ್ದರೆ "ಕ್ಷಮಿಸಿ" ಎಂದು ಇಟ್ಟುಬಿಡುವುದು ಮರ್ಯಾದೆ.

ಪೆಲಾಗಿಯಾ ಇಡುತ್ತಿರಲಿಲ್ಲ. ರಿಸೀವರಿನ ಬಾಯಿಗೆ ಕರವಸ್ತ್ರ ಒತ್ತಿಹಿಡಿದು ಮೈಯೆಲ್ಲ ಕಿವಿಯಾಗಿ ಕೂರುತ್ತಿದ್ದಳು. ಇದು ತಪ್ಪಲ್ಲವೇ ಎಂದರೆ ತಪ್ಪೇ. ಆದರೆ ಜೋಡಿ ಲೈನು ಇದ್ದೂ ಕೇಳದವರು ಇಡೀ ಇಲೋಯ್ಲೋದಲ್ಲಿ ಎಷ್ಟು ಮಂದಿ ಇದ್ದರು, ಎದೆ ಮುಟ್ಟಿ ಹೇಳಲಿ ನೋಡೋಣ.

ಆ ಮನೆಯಲ್ಲಿ ಜೋವಿ ಎಂಬ ಹುಡುಗಿ ಇದ್ದಳು. ಲೈನು ಬಂದ ವರ್ಷ ಅವಳಿಗೆ ಆರು. ಒಂದು ಮಧ್ಯಾಹ್ನ ಪೆಲಾಗಿಯಾ ಗುಂಡಿ ಅಂಗಡಿಗೆ ಫೋನು ಮಾಡಲು ಎತ್ತಿದರೆ ಪುಟ್ಟ ದನಿ ಕೇಳಿತು.

"ಯಾರು? ಕಳ್ಳರಾ?"

"ಕಳ್ಳರಲ್ಲ ಮಗಾ. ಜೋಡಿ ಲೈನಿನವಳು. ಫೋನಿಡು, ಅಮ್ಮ ಬಯ್ತಾರೆ."

"ಅಮ್ಮ ಮಾರ್ಕೆಟ್ಟಿಗೆ ಹೋಗಿದ್ದಾರೆ. ಲೋಲಾ, ಏಳೆಂಟ್ಲ ಎಷ್ಟು?"

ಲೋಲಾ ಎಂದರೆ ಅಜ್ಜಿ. ಆಗಿನ್ನೂ ಐವತ್ತೊಂದು ವರ್ಷದ ಪೆಲಾಗಿಯಾಳನ್ನು ಊರೆಲ್ಲ ಮಾನಾಂಗ್, ಅಂದರೆ ಅಕ್ಕ, ಎಂದೇ ಕರೆಯುತ್ತಿತ್ತು. ಮಕ್ಕಳೇ ಇಲ್ಲದವಳು ಆ ಒಂದು ಮಾತಿಗೆ ಏಕ್‌ದಂ ಅಜ್ಜಿಯಾದಳು. "ಐವತ್ತಾರು" ಎಂದಳು.

ಆಮೇಲೆ ಹದಿಮೂರು ವರ್ಷ ಆ ಹುಡುಗಿಯನ್ನು ಕಿವಿಯಲ್ಲೇ ಸಾಕಿದಳು ಎನ್ನಬೇಕು. ಲೆಕ್ಕ ಹೇಳಿಕೊಟ್ಟಳು. ದಡಾರದ ಜ್ವರದಲ್ಲಿ ಜೋವಿಯ ತಾಯಿ ಡಾಕ್ಟರಿಗೆ ಫೋನು ಮಾಡಿದ್ದು ಕೇಳಿ ಮೇಣದಬತ್ತಿ ಹಚ್ಚಿದಳು. ಹುಡುಗಿ ಹೈಸ್ಕೂಲಿಗೆ ಬಂದ ಮೇಲೆ ಗೆಳತಿಯ ಹತ್ತಿರ, "ಯೂನಿಫಾರ್ಮು ಕಂಕುಳಲ್ಲಿ ಹಿಡಿಯುತ್ತೆ ಕಣೇ, ಕೈ ಎತ್ತೋಕಾಗಲ್ಲ" ಎಂದು ಗೋಳಾಡುತ್ತಿದ್ದಾಗ ಪೆಲಾಗಿಯಾಗೆ ತಡೆಯಲಾಗಲಿಲ್ಲ. ಕಸುಬು ಬಾಯಿ ಬಿಡಿಸಿತು.

"ಪಕ್ಕದ ಹೊಲಿಗೆ ಅರ್ಧ ಇಂಚು ಬಿಚ್ಚು. ಒಳಗೆ ಬಟ್ಟೆ ಬಿಟ್ಟಿರ್ತಾರೆ."

ಜೋವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಲೋಲಾ! ಎಷ್ಟು ಹೊತ್ತಿಂದ ಇದ್ದೀರಾ ಅಲ್ಲಿ?"

"ಈಗ ತಾನೇ ಎತ್ತಿದೆ."

"ಸುಳ್ಳು! ಪಾಪ ಮಾಡ್ತಿದ್ದೀರಿ, ಪಾದ್ರಿ ಹತ್ರ ಹೇಳ್ಕೊಳ್ಳಿ. ನಿಮ್ಮ ಮನೆ ಎಲ್ಲಿ ಹೇಳಿ, ಯೂನಿಫಾರ್ಮು ತಗೊಂಡು ಬರ್ತೀನಿ."

ಪೆಲಾಗಿಯಾ ಹೇಳಲಿಲ್ಲ. "ಬೇಡ ಬಿಡು. ನೋಡಿದರೆ ನಾಚಿಕೆ ಪಟ್ಕೋತೀಯ" ಎಂದಳು. ನಾಚಿಕೆ ಅವಳದೇ. ದಪ್ಪ ಕನ್ನಡಕ, ಬಾಗಿದ ಬೆನ್ನು, ಮೈತುಂಬ ನೂಲಿನ ಚೂರು. ಮುಖ ಕಂಡರೆ ಹುಡುಗಿ ದೂರವಾಗುತ್ತಾಳೆ ಎಂದು ಹೆದರಿದಳು. ದನಿ ಮಾತ್ರ ಎಲ್ಲಿಗೂ ಹೋಗುವುದಿಲ್ಲ ಎಂದು ನಂಬಿದಳು.

ತಂಗಿ ನೋರ್ಮಿಂಡಾ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ನಿನಲ್ಲಿ ಮುದುಕರ ಆರೈಕೆಯ ಕೆಲಸದಲ್ಲಿದ್ದಳು. ಭಾನುವಾರಕ್ಕೊಮ್ಮೆ ಫೋನ್ ಕಾರ್ಡಿನಲ್ಲಿ ಹತ್ತು ನಿಮಿಷದ ಮಾತು. ಈ ವರ್ಷದ ಜನವರಿಯಲ್ಲಿ ಅವಳು ಹೊಸ ರಾಗ ತೆಗೆದಳು. ಇಂಟರ್ನೆಟ್ ಫೋನಂತೆ. ಟಿವಿ ಕೇಬಲ್ಲಿನವರೇ ತಂತಿ ಎಳೆದು ಕೈಯಗಲದ ಪೆಟ್ಟಿಗೆ ಇಟ್ಟು ಹೋಗುತ್ತಾರಂತೆ. ಅದಕ್ಕೆ ಅಮೆರಿಕದ ನಂಬರು. ಸ್ಟಾಕ್ಟನ್ನಿನಿಂದ ಮಾತಾಡಿದರೆ ಪಕ್ಕದ ಬೀದಿಗೆ ಮಾತಾಡಿದಷ್ಟೇ ಖರ್ಚು.

"ಪೆಟ್ಟಿಗೆ ನಾನು ಕೊಡಿಸ್ತೀನಿ ಮಾನಾಂಗ್. ತಿಂಗಳಿನದು ನೀನು ಕಟ್ಟು. ನಿನ್ನ ಆ ಹರಕು ಫೋನಿಗಿಂತ ಕಡಿಮೆ."

"ಕರೆಂಟು ಹೋದರೆ?"

"ಹೋದರೆ ಬರುತ್ತೆ. ಹತ್ತು ನಿಮಿಷದಲ್ಲಿ ಏಳು ನಿಮಿಷ ಊಟ ಆಯ್ತಾ, ಊಟ ಆಯ್ತಾ ಅಂತೀಯ. ಇದಾದರೆ ಗಂಟೆಗಟ್ಟಲೆ ಮಾತಾಡಬಹುದು."

"ಗಂಟೆಗಟ್ಟಲೆ ಏನು ಮಾತಾಡೋದೇ?"

"ಏನೂ ಬೇಡ. ನೀನು ಮಿಷನ್ ತುಳಿ, ನಾನು ಅಡುಗೆ ಮಾಡ್ತೀನಿ, ಫೋನು ಹಾಗೇ ಇರಲಿ. ನನಗೂ ಇಲ್ಲಿ ಯಾರಿದ್ದಾರೆ ಹೇಳು?"

ಪೆಲಾಗಿಯಾಗೆ ತಂಗಿಯ ಮೇಲೆ ಮರುಕ ಬಂತು. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಕಾಲದಲ್ಲಿ ಬೇಡ ಎನ್ನಲು ಕಾರಣ ಇರಲಿಲ್ಲ. ಆದರೆ ಎರಡು ಫೋನು ಸಾಕುವಷ್ಟು ಕೆಲಸ ಇರಲಿಲ್ಲ. ಶಾಪಿಂಗ್ ಮಾಲ್‌ಗಳಲ್ಲಿ ಸಿದ್ಧ ಉಡುಪು ಬಂದ ಮೇಲೆ ಅವಳ ಪಾಲಿಗೆ ಜಿಪ್ಪು ಹಾಕುವುದು, ಅಂಚು ಮಡಿಸುವುದು ಇಷ್ಟೇ ಉಳಿದಿತ್ತು. ಪೆಟ್ಟಿಗೆ ಬಂದರೆ ಜೋಡಿ ಲೈನು ಬಿಡಬೇಕು. ಲೈನು ಬಿಟ್ಟರೆ ಜೋವಿ ಹೋದಳು.

"ಒಂದು ತಿಂಗಳು ಟೈಮು ಕೊಡೇ" ಎಂದಳು.

ಹೇಳದೆ ಬಿಟ್ಟು ಹೋಗುವುದು ಸರಿಯಲ್ಲ, ಮೊದಲು ಜೋವಿಗೆ ಹೇಳಬೇಕು, ಈ ಸಲ ಮನೆ ಎಲ್ಲಿದೆ ಎಂದೂ ಹೇಳಿಬಿಡಬೇಕು ಎಂದುಕೊಂಡಳು. ದಿನಕ್ಕೆ ಹತ್ತು ಸಲ ರಿಸೀವರ್ ಎತ್ತಿದಳು. ಎತ್ತಿದಾಗಲೆಲ್ಲ ಬರೀ ಗುಂಯ್ ಎಂಬ ಸದ್ದು. ಜೋವಿ ಈಗ ನರ್ಸಿಂಗ್ ಕಾಲೇಜಿನ ಹುಡುಗಿ. ಪರೀಕ್ಷೆ ಇರಬೇಕು, ಓದಲಿ ಎಂದುಕೊಂಡಳು. ಆಮೇಲೆ ಅವರಜ್ಜಿಗೆ ಕಿಡ್ನಿ ತೊಂದರೆ, ಎಲ್ಲ ಆಸ್ಪತ್ರೆಯಲ್ಲಿರಬೇಕು ಎಂದುಕೊಂಡಳು. ಮೂರು ವಾರವಾದರೂ ಕಾರಣಗಳು ಮುಗಿಯಲಿಲ್ಲ. ಮನಸ್ಸಿಗೆ ಬೇಡದ್ದನ್ನು ಮುಚ್ಚಿಡಲು ಮನುಷ್ಯನಿಗೆ ಕಾರಣಗಳ ಬರವೇ ಇಲ್ಲ.

ತಿಂಗಳ ಗಡುವು ಮುಗಿದ ಭಾನುವಾರ ನೋರ್ಮಿಂಡಾ ಕೇಳಿದಳು. "ಏನು ಮಾಡಿದೆ?"

"ಬೇಡ ಕಣೇ. ಇಲ್ಲಿ ಒಬ್ಬ ಹುಡುಗಿ ಇದ್ದಾಳೆ." ಹದಿಮೂರು ವರ್ಷದ ಗುಟ್ಟನ್ನು ಮೊದಲ ಸಲ ಬಿಚ್ಚಿಟ್ಟಳು.

ತಂಗಿ ಕೇಳಿಸಿಕೊಂಡಳು. "ಮುಖ ನೋಡಿದ್ದೀಯಾ?"

"ಇಲ್ಲ."

"ಹೆಸರು ಬಿಟ್ಟು ಬೇರೇನಾದ್ರೂ ಗೊತ್ತಾ? ಕಂಡವರ ಮನೆ ಹುಡುಗಿಗೋಸ್ಕರ ಒಡಹುಟ್ಟಿದವಳ ಮಾತು ಬೇಡವಾಯ್ತು ನಿನಗೆ. ಸರಿ ಮಾನಾಂಗ್. ಅವಳ ಹತ್ರಾನೇ ಮಾತಾಡ್ಕೊ." ಕಾರ್ಡಿನಲ್ಲಿ ಇನ್ನೂ ನಾಲ್ಕು ನಿಮಿಷ ಬಾಕಿ ಇರುವಾಗಲೇ ಫೋನು ಇಟ್ಟಳು. ಮುಂದಿನ ಭಾನುವಾರ ಅವಳ ಫೋನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಮರುದಿನ ಸೋಮವಾರ ಪೆಲಾಗಿಯಾ ಬಾಡಿಗೆಯ ಜೀಪ್ನಿ ಗಾಡಿ ಹತ್ತಿ ಟೆಲಿಫೋನ್ ಕಚೇರಿಗೆ ಹೋದಳು. ಆ ಮನೆಯ ಕಡೆ ತಂತಿ ಕಡಿದಿರಬೇಕು, ದೂರು ಕೊಟ್ಟರೆ ಸರಿಮಾಡುತ್ತಾರೆ ಎಂಬ ಎಣಿಕೆ. ಕೌಂಟರಿನವನು ಪುಸ್ತಕ ತಿರುವಿ ನೋಡಿದ.

"ಏನೂ ಕೆಟ್ಟಿಲ್ಲ ಮಾನಾಂಗ್. ನಿಮ್ಮ ಜೋಡಿ ಮನೆಯವರು ಲೈನು ವಾಪಸ್ ಕೊಟ್ಟು ಎರಡು ತಿಂಗಳಾಗುತ್ತಾ ಬಂತು. ಇಂಟರ್ನೆಟ್ ಫೋನು ಹಾಕಿಸ್ಕೊಂಡ್ರು. ಈಗ ಲೈನು ಪೂರ್ತಿ ನಿಮ್ಮದೇ. ಅದೃಷ್ಟವಂತರು ನೀವು! ಹಿಂದೆಲ್ಲ ಇದಕ್ಕೆ ಜನ ವರ್ಷಗಟ್ಟಲೆ ಕಾಯ್ತಿದ್ರು."

"ಏನಾದ್ರೂ ಹೇಳಿ ಹೋದರಾ?"

"ಯಾರಿಗೆ?"

ನನಗೆ ಎನ್ನುವ ಬದಲು "ಯಾರು ಬಂದಿದ್ರು?" ಎಂದಳು.

"ಒಬ್ಬ ಹುಡುಗಿ. ನರ್ಸಿಂಗ್ ಓದೋಳಿರಬೇಕು, ಬಿಳೀ ಯೂನಿಫಾರ್ಮು."

"ಹೇಗಿದ್ದಳು?"

"ಹೇಗೆ ಅಂದ್ರೆ? ಹುಡುಗಿ ಥರ ಇದ್ಲು." ಅವನು ನಕ್ಕ. "ಕೊನೆಗೂ ನಮ್ಮನೆ ಮಾತು ನಮಗೇ ಉಳಿಯುತ್ತೆ ಅಂದ್ಲು. ಖುಷಿಯಲ್ಲಿದ್ಲು."

ಪೆಲಾಗಿಯಾಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಹುಡುಗಿ ಆಡಿದ್ದು ನಿಜ, ಅದೇ ನೋವು. ಆ ಮನೆಯ ಅಳು, ನಗು, ಜ್ವರ, ಜಗಳ ಎಲ್ಲವನ್ನೂ ಅವಳು ತನ್ನದೆಂದು ಕೂಡಿಟ್ಟುಕೊಂಡಿದ್ದಳು. ಅವರಿಗೆ ಅವಳು ತಂತಿಯ ಮೇಲಿನ ಒಂದು ತೊಂದರೆ, ಅಷ್ಟೇ. ಬೆಂಚಿನ ಮೇಲೆ ಕುಳಿತು ಕನ್ನಡಕ ತೆಗೆದು ಒರೆಸಿದಳು. ಮತ್ತೆ ಒರೆಸಬೇಕಾಯಿತು.

ಅಲ್ಲಿಂದ ನೇರ ಪ್ಲಾಝಾದ ಎದುರಿನ ಇಂಟರ್ನೆಟ್ ಫೋನಿನ ಅಂಗಡಿಗೆ ನಡೆದಳು. ತಂಗಿಯಾದರೂ ಉಳಿಯಲಿ ಎಂಬುದೊಂದೇ ಯೋಚನೆ. ಒಳಗೆ ಮೇಜಿನ ಹಿಂದೆ ಇಪ್ಪತ್ತರ ಆಸುಪಾಸಿನ ಹುಡುಗಿ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿಸಿಕೊಳ್ಳುತ್ತಿದ್ದಳು. ಹೆಸರು, ವಿಳಾಸ, ಹುಟ್ಟಿದ ದಿನ ಎಲ್ಲ ಸಲೀಸಾಗಿ ಆಯಿತು.

"ನೀವು ಸಿಗದಿದ್ದರೆ ಯಾರಿಗೆ ತಿಳಿಸಬೇಕು ಮಾನಾಂಗ್? ಒಂದು ಹೆಸರು, ನಂಬರು ಹೇಳಿ."

"ನೋರ್ಮಿಂಡಾ. ನನ್ನ ತಂಗಿ. ಸ್ಟಾಕ್ಟನ್."

"ಅಮೆರಿಕ ಆಗಲ್ಲ. ಈ ಊರಿನವರೇ ಬೇಕು. ನೆಂಟರು, ಸ್ನೇಹಿತರು, ಯಾರಾದ್ರೂ."

"ಜೋವಿ" ಎಂದಳು ಪೆಲಾಗಿಯಾ. ಬಾಯಿ ತಾನಾಗಿ ಹೇಳಿಬಿಟ್ಟಿತ್ತು.

ಹುಡುಗಿ ಬೆರಳುಗಳನ್ನು ಕೀಲಿಗಳ ಮೇಲಿಟ್ಟು ಕಾದಳು. "ಜೋವಿ... ಮನೆತನದ ಹೆಸರು?"

ಪೆಲಾಗಿಯಾ ಹುಡುಕಿದಳು. ಗಣಿತ ಮೇಷ್ಟ್ರ ಹೆಸರು ಗೊತ್ತಿತ್ತು. ಅವರಜ್ಜಿ ನುಂಗುವ ಮಾತ್ರೆ ಗೊತ್ತಿತ್ತು. ಹುಡುಗಿ ಯಾರಿಗಾಗಿ ಯಾವ ರಾತ್ರಿ ಅತ್ತಳು ಎಂಬುದೂ ಗೊತ್ತಿತ್ತು. ಮನೆತನದ ಹೆಸರನ್ನು ಆ ಮನೆಯವರು ಫೋನಿನಲ್ಲಿ ಯಾವತ್ತೂ ಹೇಳಿರಲಿಲ್ಲ. ತಮ್ಮ ಹೆಸರು ತಮಗೇ ಯಾರು ಹೇಳಿಕೊಳ್ಳುತ್ತಾರೆ?

"ಬೇಡ. ಖಾಲಿ ಬಿಡಮ್ಮ."

"ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ ಮಾನಾಂಗ್." ಹುಡುಗಿ ಅವಳ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ದನಿ ತಗ್ಗಿಸಿದಳು. "ಪರವಾಗಿಲ್ಲ, ನನ್ನ ಹೆಸರೇ ಹಾಕ್ತೀನಿ. ಯಾರೂ ಇಲ್ಲದವರಿಗೆಲ್ಲ ಹಾಗೇ ಮಾಡೋದು. ಈ ವಾರ ನೀವು ನಾಲ್ಕನೆಯವರು."

ಅವಳು ಟಕಟಕನೆ ತನ್ನ ಹೆಸರು ಒತ್ತಿದಳು. ಕಾಗದ ಹೊರಗೆ ಬಂತು. ಪೆಲಾಗಿಯಾ ಹುಡುಗಿ ತೋರಿಸಿದ ಜಾಗದಲ್ಲಿ ಸಹಿ ಹಾಕಿದಳು.