ಮಂಜಿನ ಊರಿನ ರನ್‌ವೇ

ಸಿಡ್ನಿಯ ಸೆಂಟ್ರಲ್ ಸ್ಟೇಷನ್ನಿನಿಂದ ಮೆಲ್ಬರ್ನ್ ರೈಲು ಬೆಳಿಗ್ಗೆ ಏಳೂಮುಕ್ಕಾಲರ ಸುಮಾರಿಗೆ ಹೊರಡುತ್ತದೆ. ಸಿಡ್ನಿಗೆ ಮೆಟ್ರೋ ಬಂದ ವರ್ಷ ಅದು. ಆಗಸ್ಟ್ ತಿಂಗಳು, ಅಂದರೆ ಇಲ್ಲಿ ಚಳಿಗಾಲದ ಕೊನೆ. ವೆಸ್ಟ್‌ಮೀಡ್‌ನ ನನ್ನ ಬಾಡಿಗೆ ಫ್ಲ್ಯಾಟಿನಿಂದ ಕತ್ತಲಿರುವಾಗಲೇ ಹೊರಟಿದ್ದೆ. ಮೆಲ್ಬರ್ನ್‌ಗೆ ಹನ್ನೊಂದು ಗಂಟೆಯ ದಾರಿ, ಹೆಚ್ಚುಕಡಿಮೆ ಮಂಗಳೂರಿನಿಂದ ಮುಂಬೈಗೆ ಇರುವಷ್ಟು ದೂರ. ವಿಮಾನದಲ್ಲಾದರೆ ಒಂದೂವರೆ ಗಂಟೆ, ಟಿಕೆಟ್ಟಿನ ಬೆಲೆಯೂ ಹೆಚ್ಚುಕಡಿಮೆ ರೈಲಿನಷ್ಟೇ. ಈ ದೇಶಕ್ಕೆ ಬಂದ ಒಂಬತ್ತು ವರ್ಷಗಳಲ್ಲಿ ಎಷ್ಟೋ ಸಲ ಹಾರಿ ಹೋಗಿದ್ದೆನಾದರೂ ನಡುವೆ ಏನಿದೆಯೆಂದು ಕಂಡಿರಲಿಲ್ಲ.

ಭಾನುವಾರ ಮೆಲ್ಬರ್ನ್‌ನಲ್ಲಿ ನನ್ನ ತಂಗಿಯ ಮಗುವಿನ ಬ್ಯಾಪ್ಟಿಸಮ್ ಇತ್ತು, ನಾನೇ ಗಾಡ್‌ಮದರ್. ಆದರೆ ರೈಲು ಹತ್ತಿದ್ದು ಗೆಳತಿ ಶೈಲಾಳಿಗಾಗಿ. ಹುಬ್ಬಳ್ಳಿಯ ಶೈಲಾ ಪರಿಸರ ಇಂಜಿನಿಯರಿಂಗ್ ಓದಲು ಬಂದವಳು. ನಾಲ್ಕು ವರ್ಷ ನಾವಿಬ್ಬರೂ ಸಿಡ್ನಿಯ ಗಿರಾವೀನ್‌ನಲ್ಲಿ ಒಂದೇ ಮನೆಯಲ್ಲಿದ್ದೆವು. ಪಿಆರ್, ಅಂದರೆ ಇಲ್ಲೇ ಕಾಯಂ ನೆಲೆಸುವ ಅನುಮತಿ, ನಗರದ ಹೊರಗಿದ್ದರೆ ಬೇಗ ಸಿಗುತ್ತದೆಂದು ಅವಳು ದಾರಿ ನಡುವಿನ ಒಂದು ಸಣ್ಣ ಊರಿನ ಪುರಸಭೆಯಂಥ ಕೌನ್ಸಿಲ್‌ನಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಉಳಿದಳು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಹಿಂದಿನ ವಾರ ಅವಳು ಫೋನು ಮಾಡಿ, "ಗುರುವಾರ ಸಂಜೀಕ ನಮ್ಮ ಊರಾಗ ಮೀಟಿಂಗ್ ಐತಿ. ಏನೂ ಮಾಡೂದು ಬ್ಯಾಡ, ಬಂದು ನನ್ನ ಪಕ್ಕಕ್ಕ ಕುಂದ್ರು ಸಾಕು," ಎಂದಿದ್ದಳು. ಅವಳ ದನಿ ಎಂದಿನಂತಿರಲಿಲ್ಲ.

ನಗರ ಕಳೆದ ಮೇಲೆ ಮಂಜು ಶುರುವಾಯಿತು. ಯೂಕಲಿಪ್ಟಸ್ ಮರಗಳು ಸೊಂಟದವರೆಗೆ ಹಾಲಿನಲ್ಲಿ ನಿಂತಂತಿದ್ದವು. ಗೌಲ್ಬರ್ನ್ ದಾಟಿದಾಗ ಹುಲ್ಲಿನ ಮೇಲೆ ಹಿಮದ ಬಿಳಿ ಪುಡಿ, ಅದರ ನಡುವೆ ಅಲ್ಲಾಡದ ಕುರಿಗಳು. ಕ್ಯಾಂಟೀನ್ ಬೋಗಿಯಿಂದ ಬಿಸಿ ಪೈ ಮತ್ತು ಚಹಾ ತಂದುಕೊಂಡೆ. ಒಂದೊಂದು ಸ್ಟೇಷನ್ನಿನಲ್ಲಿ ಒಬ್ಬರೋ ಇಬ್ಬರೋ ಇಳಿದು ಮಂಜಿನೊಳಗೆ ಕರಗಿಹೋಗುತ್ತಿದ್ದರು. ಅರ್ಧ ನಿದ್ದೆಯಲ್ಲಿ ನಾನೂ ನೆಲದಿಂದ ಒಂದಿಷ್ಟು ಮೇಲೆ ತೇಲುತ್ತಿದ್ದೇನೆ ಅನಿಸಿತು.

ಮಧ್ಯಾಹ್ನ ಎರಡು ದಾಟಿತ್ತು. ಪ್ಲಾಟ್‌ಫಾರ್ಮಿನಲ್ಲಿ ಶೈಲಾ ಕೆಂಪು ಮಫ್ಲರ್ ಸುತ್ತಿಕೊಂಡು ನಿಂತಿದ್ದಳು. ಕಾರಿನಲ್ಲಿ ಕೂತ ಕೂಡಲೇ ವಿಷಯ ಹೇಳಿದಳು. ಹತ್ತು ವರ್ಷದಲ್ಲಿ ತನ್ನ ಇಂಗಾಲದ ಹೊಗೆಯನ್ನು ಸೊನ್ನೆಗೆ ಇಳಿಸುವುದಾಗಿ ಕೌನ್ಸಿಲ್ ಹಿಂದಿನ ವರ್ಷ ಠರಾವು ಮಾಡಿತ್ತು. ಆ ಯೋಜನೆ ಬರೆದವಳು ಶೈಲಾ. ಈಗ ಅದೇ ಕೌನ್ಸಿಲ್ ಊರಿನ ಸಣ್ಣ ಏರ್‌ಪೋರ್ಟಿನ ರನ್‌ವೇ ಉದ್ದ ಮಾಡಲು ಹೊರಟಿತ್ತು. ಸಿಡ್ನಿ, ಮೆಲ್ಬರ್ನ್‌ಗಳಿಂದ ಜೆಟ್ ಬರಬೇಕು, ಇಲ್ಲಿನ ಹಣ್ಣು, ಮಾಂಸ ಹೊರಗೆ ಹೋಗಬೇಕು.

"ರನ್‌ವೇಯಿಂದ ಎಷ್ಟ ಹೊಗಿ ಆಗತೈತಿ ಅನ್ನೂ ವರದಿ ಇವತ್ತ ಮೀಟಿಂಗಿನ್ಯಾಗ ನಾನ ಓದಬೇಕು. ವಿಮಾನ ನೆಲಾ ಬಿಟ್ಟ ಮ್ಯಾಲೆ ಅದರ ಹೊಗಿ ನಮ್ಮ ಲೆಕ್ಕಕ್ಕ ಬರೂದಿಲ್ಲ, ಆ ಪ್ಯಾರಾ ತಗದ ಹಾಕು ಅಂದ ನಮ್ಮ ಮ್ಯಾನೇಜರ್."

"ನೀನು ತೆಗೆದೆಯಾ?"

"ತಗದೆ," ಎಂದಳು. "ನಿಯಮದ ಪ್ರಕಾರ ಅಂವ ಹೇಳೂದು ಖರೇನ. ಅದಕ್ಕ ತಗದೆ."

ನಾವು ಮೊದಲು ಏರ್‌ಪೋರ್ಟಿಗೇ ಹೋದೆವು. ತಗಡಿನ ಒಂದು ಷೆಡ್ಡು, ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ, ಇಳಿಬಿಸಿಲಿನಲ್ಲಿ ಮಲಗಿದ ಡಾಂಬರಿನ ಪಟ್ಟಿ. ಪಟ್ಟಿಯ ಆ ತುದಿಯಲ್ಲಿ ಹತ್ತಾರು ಕಾಂಗರೂಗಳು ಸುಮ್ಮನೆ ನಿಂತಿದ್ದವು. ಅಲ್ಲಿನ ಉಸ್ತುವಾರಿಯ ಡೆಸ್ ಎಂಬ ಮುದುಕ ನಮಗೆ ಚಹಾ ಮಾಡಿ ಕೊಟ್ಟ. ನಾನು ನರ್ಸ್, ಹೃದಯದ ವಾರ್ಡಿನಲ್ಲಿ ಕೆಲಸ ಎಂದು ತಿಳಿದಾಗ ಅವನ ಮುಖ ಅರಳಿತು.

"ಹಾಗಾದರೆ ನಾವು ಇಲ್ಲಿಂದ ಕಳಿಸುವ ರೋಗಿಗಳನ್ನು ಅಲ್ಲಿ ಇಳಿಸಿಕೊಳ್ಳುವವರು ನೀವೇ."

ಅದು ನಿಜ. ದೂರದ ಊರುಗಳಿಂದ ಆಂಬ್ಯುಲೆನ್ಸ್ ವಿಮಾನದಲ್ಲಿ ಬರುವವರ ಪಾದಗಳಲ್ಲಿ ಕೆಲವೊಮ್ಮೆ ಹೊಲದ ಮಣ್ಣು ಇನ್ನೂ ಒಣಗಿರುವುದಿಲ್ಲ. ಅವರು ಬಿಟ್ಟು ಬಂದ ನೆಲವನ್ನು ನಾನು ನೋಡಿದ್ದು ಅಂದೇ. ಆ ವಿಮಾನಕ್ಕೆ ಈ ರನ್‌ವೇ ಸಾಕಾಗುತ್ತದೆಯೇ ಎಂದು ಕೇಳಿದೆ.

"ಉದ್ದ ಸಾಕು. ದೀಪ ಹಳೆಯವು, ಡಾಂಬರು ಬಿರುಕು ಬಿಟ್ಟಿದೆ. ಹೋದ ಚಳಿಗಾಲದಲ್ಲಿ ದೀಪ ಕೆಟ್ಟು ಒಂದು ವಿಮಾನ ವಾಪಸ್ಸು ಹೋಯಿತು," ಎಂದ ಡೆಸ್. "ಇದನ್ನು ಯಾರೂ ನನ್ನ ಹತ್ತಿರ ಕೇಳಲಿಲ್ಲ."

ಸಂಜೆ ಆರಕ್ಕೆ ಊರಿನ ಸಭಾಂಗಣ ತುಂಬಿತ್ತು. ಹೀಟರಿನ ಶಾಖಕ್ಕೆ ಕಿಟಕಿಯ ಗಾಜುಗಳೆಲ್ಲ ಬೆವರಿದ್ದವು. ಮೊದಲು ಎದ್ದವರು ಮಾರ್ಗರೆಟ್. ಚೆರ್ರಿ ತೋಟದಾಕೆ, ಅರವತ್ತು ದಾಟಿದವರು. "ನನ್ನ ಗಂಡ ಇವತ್ತು ಬದುಕಿರುವುದು ವಿಮಾನದಿಂದ. ನನ್ನ ಹಣ್ಣು ಮಾರಾಟವಾಗಬೇಕಾದರೂ ವಿಮಾನ ಬೇಕು. ಅದು ಬೇಡ ಎನ್ನುವವರು ನನ್ನ ಮುಖ ನೋಡಿ ಹೇಳಲಿ," ಎಂದರು. ಜನ ಚಪ್ಪಾಳೆ ತಟ್ಟಿದರು.

ನಾನು ಮಾತಾಡಬೇಕೆಂದು ಬಂದವಳಲ್ಲ. ಆದರೂ ಕೈ ಎತ್ತಿ, ಸಿಡ್ನಿಯ ಆಸ್ಪತ್ರೆಯ ನರ್ಸ್ ಎಂದು ಪರಿಚಯ ಹೇಳಿಕೊಂಡೆ. ಡೆಸ್ ಹೇಳಿದ್ದನ್ನು ಹೇಳಿದೆ. ರೋಗಿಗೆ ಬೇಕಾದದ್ದು ದೀಪ ಮತ್ತು ಒಳ್ಳೆಯ ಡಾಂಬರು, ಅದು ನಾಳೆಯೇ ಬೇಕು. ಜೆಟ್ಟಿನ ಮಾತು ಬೇರೆ, ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಡಿ ಎಂದೆ. ಹಿಂದಿನ ಸಾಲಿನಿಂದ ಡೆಸ್ "ಹೌದು" ಎಂದು ಗೊಣಗಿದ್ದು ಎಲ್ಲರಿಗೂ ಕೇಳಿಸಿತು.

ಮಾರ್ಗರೆಟ್ ನನ್ನತ್ತ ತಿರುಗಿದರು. "ನೀವು ಸಿಡ್ನಿಯವರು. ನಿಮ್ಮ ತಲೆಯ ಮೇಲೆ ದಿನವಿಡೀ ವಿಮಾನಗಳು ಹಾರುತ್ತವೆ. ನೀವೆಷ್ಟು ಸಲ ಹಾರುತ್ತೀರಿ, ಹೇಳಿ?"

"ವರ್ಷಕ್ಕೆ ಆರು ಸಲ ಮೆಲ್ಬರ್ನ್‌ಗೆ ಹೋಗುತ್ತೇನೆ. ಎರಡು ವರ್ಷಕ್ಕೊಮ್ಮೆ ಮಂಗಳೂರಿಗೆ," ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ರೈಲು ಹತ್ತಿದ್ದು ಇವತ್ತೇ ಮೊದಲು." ಕೆಲವರು ನಕ್ಕರು. ಗೆಳತಿಗೆ ಸಹಾಯ ಮಾಡಲು ಹೋಗಿ ಅವಳ ಕೆಲಸ ಕೆಡಿಸಿದೆನೆಂದು ಕೂತುಕೊಂಡೆ.

ಆಗ ಶೈಲಾಳ ಸರದಿ. ವರದಿಯನ್ನು ಕೊನೆಯವರೆಗೆ ಓದಿದಳು, ಕಾಗದ ಮಡಚಿದಳು, ಆದರೆ ಕೂರಲಿಲ್ಲ. "ಇದರಲ್ಲಿ ಒಂದು ಪ್ಯಾರಾ ಇತ್ತು. ನಾನೇ ತೆಗೆದೆ. ಈಗ ಬಾಯಲ್ಲಿ ಹೇಳುತ್ತೇನೆ," ಎಂದು ಇಂಗ್ಲಿಷಿನಲ್ಲಿ, ತನ್ನ ಹುಬ್ಬಳ್ಳಿ ಧಾಟಿಯಲ್ಲೇ ಹೇಳಿದಳು. "ಇಲ್ಲಿಂದ ಹಾರುವ ಜೆಟ್ಟಿನ ಹೊಗೆ ನಿಯಮದ ಪ್ರಕಾರ ನಮ್ಮದಲ್ಲ. ಇಳಿಯುವ ಊರಿನವರೂ ಅದು ತಮ್ಮದಲ್ಲ ಎನ್ನುತ್ತಾರೆ. ಯಾರದ್ದೂ ಅಲ್ಲದ ಹೊಗೆ ಎಲ್ಲರ ಮೇಲೂ ಇರುತ್ತದೆ. ರನ್‌ವೇ ಬೇಕೋ ಬೇಡವೋ ನೀವು ತೀರ್ಮಾನಿಸಿ. ಆದರೆ ಸೊನ್ನೆ ಎಂದು ಬರೆಯಲು ನನಗೆ ಹೇಳಬೇಡಿ."

ಮ್ಯಾನೇಜರ್ ನೆಲ ನೋಡುತ್ತಿದ್ದ.

ಕೌನ್ಸಿಲರುಗಳು ವಿಷಯವನ್ನು ಎರಡು ಮಾಡಿ ಮತ ಹಾಕಿದರು. ದೀಪಕ್ಕೂ ಡಾಂಬರಿಗೂ ಎಲ್ಲರೂ ಕೈ ಎತ್ತಿದರು. ರನ್‌ವೇ ಉದ್ದ ಮಾಡುವುದು ಒಂದೇ ಮತದಿಂದ ಗೆದ್ದಿತು. ಆದರೆ ವಿಮಾನಗಳ ಹೊಗೆಯನ್ನು ಎಣಿಸಿ ಪ್ರತಿ ವರ್ಷ ಇದೇ ಸಭಾಂಗಣದಲ್ಲಿ ಓದಬೇಕೆಂಬ ಷರತ್ತನ್ನೂ ಸೇರಿಸಿದರು. ಶೈಲಾ ಸೋತಳೋ ಗೆದ್ದಳೋ ನನಗೆ ತಿಳಿಯಲಿಲ್ಲ. ಮನೆಗೆ ಬಂದು ಅನ್ನ, ಸಾರು ಮಾಡಿ ಉಂಡೆವು. "ನಾಳೆ ಮ್ಯಾನೇಜರ್ ಬೈತಾನ," ಎಂದಳು. ಸ್ವಲ್ಪ ಹೊತ್ತಿನಲ್ಲೇ ಸೋಫಾದ ಮೇಲೆ, ಮಫ್ಲರ್ ಕೂಡ ಬಿಚ್ಚದೆ, ಮಗುವಿನಂತೆ ನಿದ್ದೆಹೋದಳು.

ಶುಕ್ರವಾರ ಬೆಳಿಗ್ಗೆ ಊರೇ ಇರಲಿಲ್ಲ, ಬರೀ ಮಂಜು. ಬಾಗಿಲು ತಟ್ಟಿದ್ದು ಮಾರ್ಗರೆಟ್. ನಾನು ಗಾಬರಿಯಾದೆ. ಅವರು ನಮ್ಮಿಬ್ಬರನ್ನೂ ತಮ್ಮ ಜೀಪಿನಲ್ಲಿ ತೋಟಕ್ಕೆ ಕರೆದೊಯ್ದರು. ಎಲೆಯಿಲ್ಲದ ಚೆರ್ರಿ ಮರಗಳು ಸಾಲಾಗಿ ಬಿಳುಪಿನೊಳಗೆ ನಡೆದುಹೋಗಿದ್ದವು. ಮೂರನೆಯ ಮರದಾಚೆ ಏನೂ ಕಾಣದು. ಮಾತಾಡಿದರೆ ಮಾತು ಬಾಯಿಯ ಹತ್ತಿರವೇ ನಿಲ್ಲುತ್ತಿತ್ತು.

"ಇವು ನಿದ್ದೆಯಲ್ಲಿವೆ," ಎಂದರು ಮಾರ್ಗರೆಟ್, ಒಂದು ಕೊಂಬೆಯನ್ನು ಬರಿಗೈಯಲ್ಲಿ ಹಿಡಿದು. "ಚಳಿಯಲ್ಲಿ ಸಾಕಷ್ಟು ಮಲಗಿದರೆ ಮಾತ್ರ ಹೂ ಬಿಡುತ್ತವೆ. ಈಚೆಗೆ ಚಳಿ ಬೇಗ ಮುಗಿಯುತ್ತದೆ. ಅರ್ಧ ಮರಕ್ಕೆ ಹೂವು, ಅರ್ಧ ಬೋಳು." ಆಮೇಲೆ ಶೈಲಾಳ ಕಡೆ ನೋಡಿದರು. "ನಿನ್ನೆ ನನಗೆ ನಿನ್ನ ಮೇಲೆ ಸಿಟ್ಟು ಬಂತು. ಇವತ್ತೂ ನನಗೆ ಆ ರನ್‌ವೇ ಬೇಕು. ಆದರೆ ನೀನು ಎಣಿಸುತ್ತೀಯಲ್ಲ, ಅದನ್ನು ನಿಲ್ಲಿಸಬೇಡ."

ಶೈಲಾ ಹೋಗಿ ಅವರ ಪಕ್ಕದಲ್ಲಿ ನಿಂತು ಅದೇ ಕೊಂಬೆಯನ್ನು ಮುಟ್ಟಿದಳು. ಎಲ್ಲೋ ಒಂದು ಮ್ಯಾಗ್‌ಪೈ ಹಕ್ಕಿ ಕೊಳಲಿನಂತೆ ಕೂಗಿತು.

ಮಧ್ಯಾಹ್ನದ ರೈಲಿನಲ್ಲಿ ಮೆಲ್ಬರ್ನ್ ಮುಟ್ಟಿದಾಗ ಸಂಜೆ ಆರೂವರೆ, ಜಿನುಗು ಮಳೆ. ಭಾನುವಾರ ಚರ್ಚಿನಲ್ಲಿ ತಲೆಗೆ ನೀರು ಬಿದ್ದಾಗ ಮಗು ಅಳಲಿಲ್ಲ, ಕಣ್ಣು ತೆರೆದು ಮೇಲಿನ ಛಾವಣಿಯನ್ನೇ ನೋಡಿತು. ಊಟಕ್ಕೆ ಸಾನ್ನಾ ಎಂಬ ನಮ್ಮ ಮೆತ್ತನೆಯ ಇಡ್ಲಿ, ಕೋಳಿ ಸುಕ್ಕ, ನೆಂಟರ ಗದ್ದಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ನನಗೆ ಶಿಫ್ಟ್ ಇತ್ತು. ಹಗಲಿನ ರೈಲು ಹೋಗಿಯಾಗಿತ್ತು. ರಾತ್ರಿಯದು ಹಿಡಿದರೂ ವೇಳೆಗೆ ತಲುಪುವಂತಿರಲಿಲ್ಲ. ವಿಮಾನದಲ್ಲೇ ಬಂದೆ. ಹೀಗೆಂದು ಶೈಲಾಳಿಗೆ ಮೆಸೇಜು ಮಾಡಿದಾಗ ಅವಳು, "ಮ್ಯಾನೇಜರ್ ಬೈದ, ಕೆಲಸಾ ಉಳಿತು. ನೀ ಆರಾಮ ಹೋಗು," ಎಂದಷ್ಟೇ ಬರೆದಳು. ಅವಳ ಊರು ಕಂಡೀತೆಂದು ಎಡಗಡೆಯ ಕಿಟಕಿಯ ಸೀಟು ಕೇಳಿ ಪಡೆದೆ. ಸೂರ್ಯ ಮುಳುಗುತ್ತಿದ್ದ. ಕೆಳಗೆ ಹೊಲಗಳು, ತಾಮ್ರದ ತಂತಿಯಂತಹ ಒಂದು ನದಿ, ಅಲ್ಲೊಂದು ಇಲ್ಲೊಂದು ಊರು. ಒಂದು ಊರಿನ ಅಂಚಿನಲ್ಲಿ ನೆಟ್ಟಗೆ ಗೀರಿದಂತಹ ಗೆರೆ ಕಂಡಿತು. ರಸ್ತೆಯೋ ರನ್‌ವೇಯೋ, ಅಷ್ಟು ಎತ್ತರದಿಂದ ತಿಳಿಯಲಿಲ್ಲ. ಹಣೆಯನ್ನು ತಣ್ಣಗಿನ ಗಾಜಿಗೆ ಒತ್ತಿ, ಮೋಡ ಬಂದು ಮುಚ್ಚುವವರೆಗೂ ಅದನ್ನೇ ನೋಡುತ್ತಿದ್ದೆ.